ಅಗೋಚರ ಹಸ್ತದ ವಾರಸುದಾರರು: ಒಂದು ಶೋಧಪ್ರಬಂಧ

ಮುಕ್ತ ಮಾರುಕಟ್ಟೆಯನ್ನು ನಡೆಸುವ ಅಗೋಚರ ಹಸ್ತವನ್ನು ಆಡಂ ಸ್ಮಿತ್ 1776ರ ತನ್ನ ಮಹಾಗ್ರಂಥದಲ್ಲಿ ಒಂದೇ ಒಂದು ಸಲ ಸ್ಮರಿಸಿ, ಅದು ಯಾರ ಮೈಗೆ ಸೇರಿದ್ದೆಂದು ಹೇಳದೆ ಮುಂದೆ ಹೋಗಿಬಿಟ್ಟ. ಅರ್ಥಶಾಸ್ತ್ರಜ್ಞರು ಅಂದಿನಿಂದ ಕೈಗೆ ಆರತಿ ಎತ್ತಿದರೇ ಹೊರತು ಮೈಯನ್ನು ಹುಡುಕಲಿಲ್ಲ. ಆ ಕೆಲಸ ಕಾದಂಬರಿಕಾರರ ಪಾಲಿಗೆ ಬಂತು. ಅವರ ಸಾಕ್ಷ್ಯದ ಬಲದಿಂದ ಇಲ್ಲಿ ಮಂಡಿಸುವ ಸಿದ್ಧಾಂತ ಇಷ್ಟೇ: ಹಸ್ತ ಕಾಣದಿರುವುದು ಅದರ ಸ್ವಭಾವದಿಂದಲ್ಲ, ಅದು ಅವಿತು ಕೂತಿರುವುದರಿಂದ.

ವಿಲಿಯಂ ಗ್ಯಾಡಿಸ್‌ನ ‘ಜೆ ಆರ್’ (1975) ಕಾದಂಬರಿಯಲ್ಲಿ 11 ವರ್ಷದ ಶಾಲಾ ಹುಡುಗನೊಬ್ಬ ನೌಕಾಪಡೆಗೆ ಬೇಡವಾದ ಫೋರ್ಕುಗಳನ್ನು ಭೂಸೇನೆಗೆ ಮಾರಿ, ಕಾಗದದ ಮೇಲೊಂದು ಸಾಮ್ರಾಜ್ಯ ಕಟ್ಟುತ್ತಾನೆ. ದನಿ ದೊಡ್ಡವರದೆನಿಸಲೆಂದು ಫೋನಿಗೆ ಕರವಸ್ತ್ರ ಒತ್ತಿಕೊಂಡೇ ಅವನ ವ್ಯವಹಾರ. ದೊಡ್ಡ ದೊಡ್ಡ ಹಣಕಾಸಿನವರಿಗೂ ಹಸ್ತ ಗೋಚರಿಸದ್ದಕ್ಕೆ ಇಲ್ಲಿ ತತ್ತ್ವಶಾಸ್ತ್ರದ ನೆರವು ಬೇಕಿಲ್ಲ, ಒಂದು ಕರವಸ್ತ್ರ ಸಾಕು. ಐನ್ ರ‍್ಯಾಂಡಳ ‘ಅಟ್ಲಾಸ್ ಶ್ರಗ್ಡ್’ನಲ್ಲಿ (1957) ಮಾರುಕಟ್ಟೆಯ ಪರಮಭಕ್ತರು ಕೊಲೊರಾಡೊದ ಕಣಿವೆಯಲ್ಲಿ, ವಿಮಾನದಿಂದಲೂ ಕಾಣದಂತೆ ಕಿರಣಗಳ ಪರದೆ ಎಳೆದುಕೊಂಡು ಕೂತಿದ್ದಾರೆ. ಮಾರುಕಟ್ಟೆ ಪೂರ್ತಿ ಮುಕ್ತವಾಗಬೇಕಾದರೆ ಗಿರಾಕಿಗೆ ವಿಳಾಸ ಸಿಗಬಾರದು ಎಂಬುದು ಇದರ ಫಲಿತಾರ್ಥ. ಅರವಿಂದ ಅಡಿಗರ ‘ದಿ ವೈಟ್ ಟೈಗರ್’ನ (2008) ಬಲರಾಮ ದಣಿಯನ್ನು ಕೊಂದು, 7 ಲಕ್ಷ ರೂಪಾಯಿಯ ಚೀಲದೊಡನೆ ಬೆಂಗಳೂರಿಗೆ ಬಂದು, ಪೊಲೀಸರ ಕೈ ಬೆಚ್ಚಗೆ ಮಾಡಿ ಎದುರಾಳಿ ಟ್ಯಾಕ್ಸಿಯವರನ್ನು ಎತ್ತಂಗಡಿ ಮಾಡಿಸಿದ ಮೇಲೆ ಆರೋಗ್ಯಕರ ಸ್ಪರ್ಧೆಗೆ ಇಳಿಯುತ್ತಾನೆ, ಅದೂ ಸತ್ತ ದಣಿಯ ಹೆಸರನ್ನೇ ತಾನಿಟ್ಟುಕೊಂಡು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇನ್ನೂ ಒಂದು ಹೆಜ್ಜೆ ಮುಂದೆ: ಮನೆಯ ಮಸಾಲೆ ಕಂಪನಿಯಿಂದ ಕೆಲಸವಿಲ್ಲದೆ ಸಂಬಳ ಪಡೆಯುವ ನಿರೂಪಕನಿಗೆ ಕೈ ಹಾಗಿರಲಿ, ಪುಸ್ತಕ ಮುಗಿದರೂ ಹೆಸರೇ ಇಲ್ಲ.

‘ಅದೊಂದು ರೂಪಕ, ರೂಪಕಕ್ಕೆ ಮೈ ಹುಡುಕುವುದು ತರಲೆ’ ಎಂಬುದು ಪೂರ್ವಪಕ್ಷ. ರೂಪಕವೇ ಆದರೆ ಅದು ಸಾಹಿತ್ಯದ ಸೊತ್ತು. ವಿಚಾರಣೆಯ ಅಧಿಕಾರ ನಮ್ಮದೇ ಆಯಿತು. ಅಂಗಡಿಯ ಬಾಗಿಲು ತೆರೆದು ಎಲ್ಲರೆದುರು ಕೂತು ಮಾರುವವನೊಬ್ಬನೂ ಇಲ್ಲವೇ ಎಂಬ ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಆರ್. ಕೆ. ನಾರಾಯಣರ ‘ದಿ ವೆಂಡರ್ ಆಫ್ ಸ್ವೀಟ್ಸ್’ನ (1967) ಜಗನ್ ಅಂಥವನೇ: ಗಾಂಧಿಯ ಅನುಯಾಯಿ, ಚರಕ ತಿರುಗಿಸುವವ, ಗಲ್ಲಾದ ಬಳಿ ಕೂತು ಗೀತೆ ಓದುವವ. ಆದರೆ ಸಂಜೆ ಆರರ ಮೇಲೆ ಬಂದ ಹಣ ಲೆಕ್ಕಕ್ಕೆ ಸೇರುವುದಿಲ್ಲ. ಹಸ್ತಕ್ಕೂ ಕಚೇರಿಯ ವೇಳೆ ಇರುತ್ತದೆಂಬುದು ಸ್ಮಿತ್‌ಗೆ ಹೊಳೆಯದ ಸಂಗತಿ. ಜಗನ್ನನ ಮಗ ಮಾಲಿಯಂತೂ ಕತೆಗಳನ್ನೇ ಬರೆಯುವ ಯಂತ್ರ ತಯಾರಿಸಲು ಅಮೆರಿಕದವರ ಪಾಲುದಾರಿಕೆಗೆ ಕೈ ಹಾಕಿದ. ಲೇಖಕನ ಹಸ್ತವೂ ಅಗೋಚರವಾಗುವ ಆ ಘನ ಉದ್ಯಮಕ್ಕೆ ಅಪ್ಪ ಬಂಡವಾಳ ಹಾಕದ ಕಾರಣ, ಪ್ರಸ್ತುತ ಪ್ರಬಂಧವನ್ನು ಕೈಯಿಂದಲೇ ಬರೆಯಬೇಕಾಯಿತು.