ಐದನೆಯ ವ್ರತ

ನಮ್ಮ ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯ ಎಂದರೆ ನಾಲ್ಕು ತಿಂಗಳು, ನಾಲ್ಕು ವ್ರತ. ಆಷಾಢ ಶುಕ್ಲ ಏಕಾದಶಿಯಿಂದ ಮೊದಲ ತಿಂಗಳು ಶಾಕವ್ರತ. ತರಕಾರಿ, ಹುಣಸೆಹಣ್ಣು, ಮೆಣಸಿನಕಾಯಿ ಯಾವುದೂ ಅಡುಗೆಮನೆಯೊಳಗೆ ಕಾಲಿಡುವಂತಿಲ್ಲ. ಎರಡನೆಯದು ದಧಿವ್ರತ, ಮೊಸರು ಬಂದ್. ಮೂರನೆಯದು ಕ್ಷೀರವ್ರತ, ಹಾಲು ಬಂದ್. ನಾಲ್ಕನೆಯದು ದ್ವಿದಳ ವ್ರತ, ಬೇಳೆಕಾಳು ಬಂದ್. ಕಾರ್ತಿಕದ ಉತ್ಥಾನ ದ್ವಾದಶಿಗೆ ಅತ್ತ ದೇವರು ನಿದ್ದೆಯಿಂದ ಏಳುತ್ತಾನೆ, ಇತ್ತ ನಾವು ಹುಳಿಗೆ ತೊಗರಿಬೇಳೆ ಬೇಯಲಿಡುತ್ತೇವೆ. ಇವೆಲ್ಲ ಪಂಚಾಂಗದಲ್ಲಿ ಅಚ್ಚಾದ ವ್ರತಗಳು. ಅಚ್ಚಾಗದ ಐದನೆಯದೊಂದಿದೆ: ನಗುಮುಖ ವ್ರತ. ಅದಕ್ಕೆ ಸಂಕಲ್ಪವಿಲ್ಲ, ಪಾರಣೆಯಿಲ್ಲ, ಮುದುಕರಿಗೂ ರೋಗಿಗಳಿಗೂ ವಿನಾಯಿತಿಯಿಲ್ಲ. ವರ್ಷವಿಡೀ ನಡೆಯುತ್ತದೆ. ಮಿಕ್ಕ ವ್ರತಗಳನ್ನು ಕದ್ದು ಮುರಿದವರನ್ನು ನಾನು ಕಂಡಿದ್ದೇನೆ. ಇದನ್ನು ಬಹಿರಂಗವಾಗಿ ಮುರಿದವರನ್ನು ಕಂಡದ್ದು ಅಪರೂಪ.

ಕ್ಷೀರವ್ರತದ ತಿಂಗಳಲ್ಲಿ ಇದರ ತಾಕತ್ತು ಗೊತ್ತಾಗುತ್ತದೆ. ಭಾದ್ರಪದ ಶುಕ್ಲ ಏಕಾದಶಿ ಕಳೆದ ಮೇಲೆ ನಮ್ಮವರ ಯಾರ ಮನೆಗೆ ಹೋದರೂ ಲೋಟದಲ್ಲಿ ಒಂದು ಕಪ್ಪು ದ್ರವ ಬರುತ್ತದೆ. ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿ, ಮರುಕಕ್ಕೆ ಒಂದು ಚೂರು ಬೆಲ್ಲ ಹಾಕಿರುತ್ತಾರೆ. ಕುಡಿದವರು ಮುಖ ಕಿವುಚಬಾರದು. “ಕಾಫಿಯ ನಿಜವಾದ ರುಚಿ ಇದೇ ಕಣ್ರೀ, ಇಷ್ಟು ದಿನ ಹಾಲು ಹಾಕಿ ಸುಮ್ಮನೆ ಕೆಡಿಸ್ತಿದ್ವಿ” ಎನ್ನಬೇಕು. ಮನೆಯಾಕೆ “ನಮ್ಮನೇಲಂತೂ ಹಾಲಿನ ನೆನಪೇ ಆಗಲ್ಲ” ಎನ್ನಬೇಕು. ವಿಜಯದಶಮಿ ಕಳೆದು, ಮರುದಿನದ ಏಕಾದಶಿಯ ಉಪವಾಸವೂ ಮುಗಿದು, ದ್ವಾದಶಿಯ ಬೆಳಕು ಹರಿಯುವ ಮೊದಲೇ ಹಾಲಿನ ಬೂತಿನ ಮುಂದೆ ಸಾಲು ನಿಂತವರ ಮುಖಗಳನ್ನು ಒಮ್ಮೆ ನೋಡಬೇಕು. ಆ ನಗುವಿಗೆ ಯಾರೂ ಯಾರಿಗೂ ತರಬೇತಿ ಕೊಟ್ಟಿರುವುದಿಲ್ಲ.

ಏಕಾದಶಿಯ ದಿನದ ಕಥೆಯೂ ಇಷ್ಟೇ. ನಿರಾಹಾರ ಮಾಡಿದವರನ್ನು ಸಂಜೆ ನಾಲ್ಕರ ಹೊತ್ತಿಗೆ ಕೇಳಿ ನೋಡಿ. “ಹಸಿವಾ? ಏಕಾದಶಿ ದಿವಸ ನನಗೆ ಹಸಿವೇ ಆಗೋದಿಲ್ಲಪ್ಪ, ಮೈ ಹಗುರ ಅನ್ಸುತ್ತೆ” ಎಂಬ ಉತ್ತರ. ಆ ಮಾತು ಹೇಳುವವರು ಅಷ್ಟರಲ್ಲಿ ನಾಳೆ ಎಷ್ಟು ಗಂಟೆಗೆ ಪಾರಣೆ ಎಂದು ಪಂಚಾಂಗವನ್ನು ಮೂರನೆಯ ಸಲ ತಿರುವಿರುತ್ತಾರೆ.

ಇದರ ಮೂಲ ಹುಡುಕಲು ಹೊರಟರೆ ದೊಡ್ಡ ದೊಡ್ಡ ಗ್ರಂಥಗಳಿಗೆ ಹೋಗಿ ಮುಟ್ಟುತ್ತೇವೆ. ತೈತ್ತಿರೀಯ ಉಪನಿಷತ್ತಿನಲ್ಲಿ ಆನಂದಕ್ಕೊಂದು ಅಳತೆ ಇದೆ. ಹರೆಯದವನು, ಸಜ್ಜನ, ಓದಿದವನು, ಗಟ್ಟಿಮುಟ್ಟಾದವನು, ಜೊತೆಗೆ ಸಂಪತ್ತು ತುಂಬಿದ ಇಡೀ ಭೂಮಿ ಅವನದು. ಅಂಥವನ ಸುಖ ಮನುಷ್ಯರ ಒಂದು ಆನಂದ. ಅದರ ನೂರು ಪಾಲು ಮನುಷ್ಯ ಗಂಧರ್ವನಿಗೆ, ಅದರ ನೂರು ಪಾಲು ದೇವಗಂಧರ್ವನಿಗೆ, ಹೀಗೆ ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ ಬ್ರಹ್ಮನವರೆಗೆ ಹೋಗುತ್ತದೆ. ಲೆಕ್ಕಪತ್ರ ಇಲಾಖೆಯಲ್ಲಿ ಜೀವಮಾನ ಸವೆಸಿದ ನಮ್ಮ ಮನೆಯವರು ಇದನ್ನು ಕೂಡಿ ಗುಣಿಸಿ, ಬ್ರಹ್ಮನಿಗೆ ಬರುವುದು ಒಂದರ ಮುಂದೆ 20 ಸೊನ್ನೆ ಎಂದು ತೀರ್ಪು ಕೊಟ್ಟರು. “ನಮ್ಮದೆಷ್ಟು ಬರುತ್ತೆ?” ಎಂದೆ. “ಹರೆಯ ಇಲ್ಲ, ಗಟ್ಟಿಮುಟ್ಟು ಇಲ್ಲ, ಭೂಮಿ ಅಂದರೆ 30-40 ಸೈಟು, ಅದರ ಮೇಲೂ ಸಾಲ. ದಶಾಂಶದ ಆಚೆ ಹುಡುಕಬೇಕು” ಎಂದರು. ಆ ಸಂಜೆ ಮಠದಲ್ಲಿ ಯಾರೋ “ಹೇಗಿದ್ದೀರಿ ರಾಯರೇ?” ಎಂದಾಗ ಇದೇ ಮನುಷ್ಯ ಕೈ ಜೋಡಿಸಿ “ಪರಮಾನಂದ!” ಎಂದರು.

ಪರಮಾನಂದ ಎನ್ನದೆ ಇನ್ನೇನು ಮಾಡುತ್ತಾರೆ, ಪಾಪ. ಆಚಾರ್ಯ ಮಧ್ವರ ಮತದಲ್ಲಿ ಜೀವರು ಮೂರು ಬಗೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಮೊದಲಿನವರ ಸ್ವರೂಪವೇ ಆನಂದ. ಸದ್ಯಕ್ಕೆ ಅದು ಮುಚ್ಚಿಹೋಗಿದೆ, ಮೋಕ್ಷದಲ್ಲಿ ತೆರೆದುಕೊಳ್ಳುತ್ತದೆ. ಎರಡನೆಯವರದು ಸುಖ ದುಃಖ ಬೆರೆತ ಬಾಳು, ಎಂದೆಂದಿಗೂ ಅಷ್ಟೇ. ಮೂರನೆಯವರ ವಿಚಾರ ಸಂಜೆ ಹೊತ್ತು ಬೇಡ. ಯಾರು ಯಾವ ಬಗೆ ಎಂಬುದು ಹರಿಗೇ ಗೊತ್ತು ಎಂದು ಹಿರಿಯರು ಹೇಳಿ ಕೈ ತೊಳೆದುಕೊಂಡರು. ಆದರೆ ಹರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಪಕ್ಕದ ಬೀದಿಯವರು ಮುಖ ನೋಡಿ ಊಹಿಸಿಬಿಟ್ಟರೆ? ಸುಖದುಃಖ ಬೆರೆತ ಮುಖ ಹೊತ್ತು ಮಠಕ್ಕೆ ಹೋಗುವುದು ಜಾಣತನವಲ್ಲ. ಮುಖವನ್ನು ಒಂದು ತರಗತಿ ಮೇಲೆಯೇ ಇಟ್ಟುಕೊಂಡಿರುವುದು ಕ್ಷೇಮ. ಆಚಾರ್ಯರು ಎಲ್ಲೂ ‘ನಗುತ್ತಿರಿ’ ಎಂದು ಅಪ್ಪಣೆ ಕೊಡಿಸಿಲ್ಲ. ಈ ಟಿಪ್ಪಣಿ ಸೇರಿಸಿದವರು ನಾವು.

ಪ್ರಥಮ ಏಕಾದಶಿಯ ತಪ್ತಮುದ್ರಾಧಾರಣೆಗೆ ನೀವು ಒಮ್ಮೆಯಾದರೂ ಬರಬೇಕು. ಸುದರ್ಶನ ಹೋಮದ ಬೆಂಕಿಯಲ್ಲಿ ಕಾದ ಶಂಖ ಚಕ್ರದ ಮುದ್ರೆಗಳನ್ನು ಸ್ವಾಮಿಗಳು ತೋಳಿಗೆ ಒತ್ತುತ್ತಾರೆ. ಬಲಕ್ಕೆ ಚಕ್ರ, ಎಡಕ್ಕೆ ಶಂಖ. ಅಂದು ಉಪವಾಸ ಬೇರೆ. ಬೆಳಗಿನಿಂದ ಸಾಲು ಮಠದ ಬಾಗಿಲು ದಾಟಿ ಬೀದಿಯ ತಿರುವಿನವರೆಗೆ ಬೆಳೆದಿರುತ್ತದೆ. ಒಳಗೆ ಹೊಗೆ, ಬೆವರು, ಒದ್ದೆ ಪಂಚೆ. ಮುದ್ರೆ ಹಾಕಿಸಿಕೊಂಡು ಬಂದವರು ತೋಳಿಗೆ ಗೋಪೀಚಂದನ ಸವರಿಕೊಂಡು ಹೊರಗಿನವರಿಗೆ ವರದಿ ಒಪ್ಪಿಸುತ್ತಾರೆ: “ಏನೂ ಗೊತ್ತಾಗಲ್ಲ. ತಣ್ಣಗಿತ್ತು.” ಕಾದ ಲೋಹ ತಣ್ಣಗಿರುವ ವಿಚಾರವನ್ನು ಯಾರೂ ಚರ್ಚಿಸುವುದಿಲ್ಲ.

ಒಂದು ಸಲ ನನ್ನ ಮುಂದೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಚಕ್ರ ತಗಲಿದ ಕೂಡಲೇ ಅವರ ಬಲಗೈ ಬೆಚ್ಚಿ ಅರ್ಧ ಮೊಳ ಮೇಲೆದ್ದಿತು, ಕಾಲ್ಬೆರಳುಗಳು ನೆಲ ಕಚ್ಚಿದವು, ಕುತ್ತಿಗೆಯ ನರ ಉಬ್ಬಿತು. ಮುಖದ ಮೇಲಿನ ನಗು ಮಾತ್ರ ಕದಲಲಿಲ್ಲ. ತೋಳೂ ಮುಖವೂ ಬೇರೆ ಬೇರೆ ಇಲಾಖೆಗಳು, ಒಂದರ ಕಡತ ಇನ್ನೊಂದಕ್ಕೆ ಹೋಗುವುದಿಲ್ಲ ಎಂಬ ಹಾಗೆ. ಹಿಂದೆ ಒಬ್ಬ ತಾಯಿ ಅಳುವ ಮಗುವಿಗೆ ಹೇಳುತ್ತಿದ್ದಳು: “ನೋಡು ಪುಟ್ಟಾ, ತಾತ ಹೇಗೆ ನಗ್ತಾ ಇದಾರೆ.” ಮಗು ತಾತನ ಮುಖ ನೋಡಿತು. ಆಮೇಲೆ ಅದನ್ನು ಸಮಾಧಾನ ಮಾಡಲು ಯಾರಿಂದಲೂ ಆಗಲಿಲ್ಲ.

ಕಷ್ಟ ಹೇಳಿಕೊಳ್ಳಲು ನಮ್ಮವರು ಅಂಜುವುದಕ್ಕೆ ವ್ಯಾವಹಾರಿಕ ಕಾರಣವೂ ಒಂದಿದೆ. ನಮ್ಮಲ್ಲಿ ಕಷ್ಟಕ್ಕೆ ಎರಡು ಖಾತೆ. ನನಗೆ ಬಂದರೆ ಅದು ದೇವರು ಮಾಡುವ ಪರೀಕ್ಷೆ. ಪಕ್ಕದ ಮನೆಯವರಿಗೆ ಬಂದರೆ ಪ್ರಾರಬ್ಧ. ಹಾಗಾಗಿ ಬಾಯಿ ಬಿಟ್ಟ ಗಳಿಗೆಯಲ್ಲೇ ನಿಮ್ಮ ಪರೀಕ್ಷೆ ಪ್ರಾರಬ್ಧದ ಖಾತೆಗೆ ವರ್ಗವಾಗುತ್ತದೆ. ಅಲ್ಲಿಗೂ ಮುಗಿಯದು. ನಮ್ಮ ಭಜನಾ ಮಂಡಳಿಯಲ್ಲಿ ಒಬ್ಬಾಕೆ ಮಂಡಿನೋವು ಎಂದು ಬಾಯಿ ತಪ್ಪಿ ಅಂದಳು. ಒಬ್ಬರು ವಾಯುಸ್ತುತಿ ಪುನಶ್ಚರಣೆ ಮಾಡಿಸಿ ಎಂದರು. ಇನ್ನೊಬ್ಬರು ರಾಯರಿಗೆ ಹೆಜ್ಜೆ ನಮಸ್ಕಾರ ಹಾಕಿ ಎಂದರು, ಮಂಡಿನೋವಿಗೆ! ಮತ್ತೊಬ್ಬರು ಅಶ್ವತ್ಥ ಪ್ರದಕ್ಷಿಣೆ ಎಂದರು. ಹಿಂದಿನ ಸಾಲಿನಿಂದ “ಮಡಿಯಲ್ಲಿ ಏನಾದರೂ ಲೋಪ ಆಗಿದೆಯಾ ನೋಡಿಕೊಳ್ಳಿ” ಎಂಬ ದನಿಯೂ ಬಂತು. “ಅಯ್ಯೋ, ತುಂಬಾ ನೋವಾ?” ಎಂದು ಒಬ್ಬರೂ ಕೇಳಲಿಲ್ಲ. ಮುಂದಿನ ವಾರ ಅವಳು ಕುಂಟುತ್ತಲೇ ಬಂದು, ನೋವು ಪೂರ್ತಿ ಹೋಯಿತು ಎಂದಳು. ವಾಯುಸ್ತುತಿಯವರು ಹೆಜ್ಜೆ ನಮಸ್ಕಾರದವರನ್ನು ನೋಡಿ ಹುಬ್ಬು ಹಾರಿಸಿದರು.

ಇದೇ ಮಂಡಳಿಗೆ ಯೂನಿಫಾರಂ ಸೀರೆ ಉಂಟು, ಯೂಟ್ಯೂಬೂ ಉಂಟು. ಅಧ್ಯಕ್ಷೆ ಪ್ರತಿ ಸಲ ಎಚ್ಚರಿಸುತ್ತಾರೆ: “ಮುಖದಲ್ಲಿ ಪ್ರಸನ್ನತೆ ಇರಲಿ, ವಿಡಿಯೋ ಆಗ್ತಿದೆ.” ಹಾಡುವುದು ದಾಸರ ಪದ. ಕೂದಲು ನರೆಯಿತು, ಹಲ್ಲು ಬಿತ್ತು, ನಂಬಿದವರು ಕೈಬಿಟ್ಟರು, ಇನ್ನು ಯಾರಿದ್ದಾರೆ ನೀನಲ್ಲದೆ ಎಂಬ ಧಾಟಿಯ ಹಾಡು. ಹನ್ನೆರಡು ಜನ ಒಂದೇ ಬಣ್ಣದ ಸೀರೆಯುಟ್ಟು, ಹಲ್ಲು ಕಾಣುವಂತೆ ನಗುತ್ತಾ ಹಲ್ಲು ಬಿದ್ದದ್ದನ್ನು ಹಾಡುತ್ತೇವೆ.

ದಾಸರಿಗೆ ಈ ಅಂಜಿಕೆ ಇರಲಿಲ್ಲ ನೋಡಿ. ಪುರಂದರದಾಸರು, ವಿಜಯದಾಸರು ದೇವರ ಎದುರು ಅತ್ತರು, ಬೈದರು, ನಿಂದಾಸ್ತುತಿ ಎಂದು ಹೆಸರಿಟ್ಟು ದೇವರನ್ನೇ ಹಂಗಿಸಿದರು. ಜಗದ ಒಡೆಯನಿಗೆ ಹೇಳಬಹುದಾದ ದೂರನ್ನು ಮಂಡಳಿಯ ಅಧ್ಯಕ್ಷೆಗೆ ಹೇಳಲಾಗುವುದಿಲ್ಲ ಎಂಬ ಸ್ಥಿತಿಗೆ ನಾವು ಹೇಗೆ ಬಂದೆವೋ. ರಾಯಚೂರು ಸೀಮೆಯ ಮಾನ್ವಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಶ್ರೀನಿವಾಸಾಚಾರ್ಯರೆಂಬ ದೊಡ್ಡ ಪಂಡಿತರು. ವಿಜಯದಾಸರು ಊಟಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಗೆ ಹೋಗುವುದೇ ಎಂದು ಬಿಗುಮಾನ ತೋರಿ, ಹೊಟ್ಟೆನೋವು ಎಂದು ಸುಳ್ಳು ಹೇಳಿದರಂತೆ. ಹಾಗೇ ಆಗಲಿ ಎಂದರಂತೆ ದಾಸರು. ಹೊಟ್ಟೆನೋವು ನಿಜವಾಯಿತು, ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆಯೆರೆದು ಉಳಿಸಿದರು. ಆ ಪಂಡಿತರೇ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು. ನನ್ನ ತಕರಾರು ಇಷ್ಟು. ಇಲ್ಲದ ನೋವನ್ನು ಇದೆ ಎಂದವರಿಗೆ ನೋವು ಬಂದದ್ದು ಸರಿಯಾದರೆ, ಇರುವ ನೋವನ್ನು ಇಲ್ಲ ಎನ್ನುವ ನಮ್ಮ ನೋವು ಹೋಗಬೇಕಿತ್ತಲ್ಲ? ‘ಹಾಗೇ ಆಗಲಿ’ ಎನ್ನುವ ವಿಜಯದಾಸರು ನಮ್ಮ ಬೀದಿಗೆ ಬಂದೇ ಇಲ್ಲ.

ನಮ್ಮ ತಂದೆಯ ಸೋದರತ್ತೆ ಈ ವ್ರತದಲ್ಲಿ ಎಲ್ಲರಿಗಿಂತ ಹಿರಿಯಳು. ಮದುವೆ ಏನೆಂದು ತಿಳಿಯುವ ಮೊದಲೇ ಗಂಡ ತೀರಿಕೊಂಡ. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಆಮೇಲಿನ ಬದುಕೆಲ್ಲ ತಮ್ಮನ ಮನೆಯ ಮಡಿ ಅಡುಗೆ. ಯಾರು ಕೇಳಿದರೂ “ನನಗೇನು ಕಮ್ಮಿ? ಕೃಷ್ಣ ಚೆನ್ನಾಗಿಟ್ಟಿದಾನೆ” ಎನ್ನುತ್ತಿದ್ದಳು, ಮತ್ತು ನಗುತ್ತಿದ್ದಳು. ಬಂದವರು “ಎಂಥಾ ಸಾತ್ವಿಕ ಜೀವ!” ಎಂದು ಹೊಗಳಿ, ಅವಳು ಮಾಡಿದ ಹಯಗ್ರೀವವನ್ನು ಇನ್ನೊಮ್ಮೆ ಬಡಿಸಿಕೊಳ್ಳುತ್ತಿದ್ದರು. ಬೆಳಗಿನ ಜಾವ ಒಲೆಯ ಮುಂದೆ ಕೂತು ದಾಸರ ಪದ ಹೇಳುವಾಗ ಮಾತ್ರ ಅವಳ ಕಣ್ಣು ಕೆಂಪಾಗಿರುತ್ತಿತ್ತು. ಏನಾಯಿತು ಅಜ್ಜೀ ಎಂದರೆ “ಸೌದೆ ಹಸಿ ಕಣೇ” ಎನ್ನುತ್ತಿದ್ದಳು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ನಮ್ಮ ಮನೆಯ ಸೌದೆ ಹಸಿಯಾಗಿಯೇ ಇರುತ್ತಿತ್ತು. ಅವಳ ನಗುವನ್ನು ಮಾದರಿಯೆಂದು ಈಗಲೂ ನಮ್ಮ ಕುಟುಂಬದಲ್ಲಿ ಹೆಣ್ಣುಮಕ್ಕಳಿಗೆ ಹೇಳುವವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಈ ವ್ರತಕ್ಕೆ ಸರಹದ್ದೊಂದಿದೆ, ಅದು ಮಠದ ಚಪ್ಪಲಿ ಸ್ಟ್ಯಾಂಡು. ಒಳಗೆ ತೀರ್ಥಪ್ರಸಾದದ ಪಂಕ್ತಿಯಲ್ಲಿ ಹೊಳೆಯುತ್ತಿದ್ದ ಮುಖಗಳು ಅಲ್ಲಿಗೆ ಬಂದು, ಕಟ್ಟೆಯ ಮೇಲೆ ಕೂತು, ಬಗ್ಗಿ ಚಪ್ಪಲಿಯ ಪಟ್ಟಿ ಎಳೆಯುವಾಗ ಒಮ್ಮೆಲೇ ಸಡಿಲವಾಗುತ್ತವೆ. ಮೊದಲು “ಅಮ್ಮಾ” ಎಂಬ ಉದ್ಗಾರ. ಆಮೇಲೆ ಸೊಂಟ, ಸೊಸೆ, ಪಿಂಚಣಿ. ಕಳೆದ ಆರಾಧನೆಯ ದಿನ ನಾನು ಅಲ್ಲೇ ಕೂತಿದ್ದೆ. ಪಕ್ಕದಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ. ನಮ್ಮ ಅಧ್ಯಕ್ಷೆ ಎದುರಾದರು.

“ಹೇಗಿದೀರಾ ಅಜ್ಜಿ?”

“ಚೆನ್ನಾಗಿಲ್ಲ.”

“ತುಂಬಾ ಸಂತೋಷ, ರಾಯರ ದಯೆ!” ಎಂದು ಹೇಳಿ ಮುಗಿಸಿದ ಮೇಲೆ ಅಧ್ಯಕ್ಷೆಯ ಕಿವಿಗೆ ಆ ಉತ್ತರ ತಲುಪಿತು. ಅವರ ಮುಖದ ಪ್ರಸನ್ನತೆ ಎತ್ತ ಹೋಗಬೇಕೆಂದು ತಿಳಿಯದೆ ತುಟಿಯ ಒಂದು ಬದಿಯಲ್ಲಿ ಉಳಿಯಿತು. “ಅಲ್ಲ ಅಜ್ಜಿ, ವಾಯುಸ್ತುತಿ...” ಎಂದು ಶುರು ಮಾಡಿದರು.

“ಐವತ್ತು ವರ್ಷದಿಂದ ಹೇಳ್ತಿದೀನಮ್ಮಾ. ಬಾಯಿಗೆ ಬರುತ್ತೆ. ಕಾಲು ನೋಯುತ್ತೆ. ಮಗ ಫೋನ್ ಮಾಡಲ್ಲ. ರಾತ್ರಿ ನಿದ್ದೆ ಬರಲ್ಲ. ನನ್ನ ಎಡಗಾಲಿನ ಚಪ್ಪಲಿ ಕಾಣಿಸ್ತಿಲ್ಲ, ಅದನ್ನಾದರೂ ಹುಡುಕಿಕೊಡು.”

ಅಧ್ಯಕ್ಷೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಹುಡುಕಿದೆವು. ಬಗ್ಗಿದಾಗ ಅಧ್ಯಕ್ಷೆಯ ಬಾಯಿಂದಲೂ “ಅಮ್ಮಾ” ಬಂತು. ಡಿಸ್ಕ್ ಜಾರಿದೆಯಂತೆ, ಎರಡು ವರ್ಷವಾಯಿತಂತೆ, ಮನೆಯವರಿಗೂ ಹೇಳಿಲ್ಲವಂತೆ. ಚಪ್ಪಲಿ ಸಿಗಲಿಲ್ಲ. ಯಾರೋ ಪರಮಾನಂದದಲ್ಲಿ ಮೆಟ್ಟಿಕೊಂಡು ಹೋಗಿದ್ದರು.