ಕೇಳಿಸದಂತೆ ನುಡಿಸುವ ವಿದ್ಯೆ

ಇಪ್ಪತ್ತು ವರ್ಷ ಕಲಿಸಿ, ಕೊನೆಗೆ ‘ಕಲಿತದ್ದು ಯಾರಿಗೂ ಗೊತ್ತಾಗದ ಹಾಗೆ ಇರು’ ಎಂದು ಸಂಬಳ ಕೊಡುವ ಉದ್ಯೋಗಗಳು ನನಗೆ ತಿಳಿದಂತೆ ಎರಡೇ. ಒಂದರ ಹೆಸರು ಹೇಳಿದರೆ ಸರ್ಕಾರಿ ನೌಕರರು ಬೇಜಾರು ಮಾಡಿಕೊಳ್ಳುತ್ತಾರೆ. ಇನ್ನೊಂದು, ಸಿಂಫನಿ ಆರ್ಕೆಸ್ಟ್ರಾದ ಹಿಂದಿನ ಸಾಲಿನಲ್ಲಿ ಚೆಲ್ಲೊ ನುಡಿಸುವುದು.

ಈ ಜ್ಞಾನ ನನಗೆ ದಕ್ಕಿದ್ದು ಬಾಸ್ಟನ್ನಿನಲ್ಲಿರುವ ತಂಗಿ ಮಗಳಿಂದ. ಅವಳು ಚೆಲ್ಲೊ ಹಿಡಿದ ಫೋಟೊ ನೋಡಿ ನಮ್ಮಮ್ಮ ಮೊದಲು ಕೇಳಿದ್ದು, “ಈ ಪಿಟೀಲು ಯಾಕೆ ಹೀಗೆ ಊದಿಕೊಂಡಿದೆ?” ಅಂತ. ಮಕ್ಕಳಿಗೆ ಕಾಲು, ಅರ್ಧ, ಮುಕ್ಕಾಲು ಅಳತೆಯ ಚೆಲ್ಲೊಗಳಿರುತ್ತವೆ. ಮಗು ಬೆಳೆದಂತೆ ಅಂಗಿಯ ಜೊತೆ ಅದನ್ನೂ ಬದಲಾಯಿಸುತ್ತಿರಬೇಕು. ಪೂರ್ತಿ ಅಳತೆಯದು ಬಂತೆಂದರೆ ವಿಮಾನದಲ್ಲಿ ಅದಕ್ಕೂ ಒಂದು ಸೀಟು ಕೊಳ್ಳಬೇಕು. “ಅದರ ಪಾಲಿನ ಊಟ ನೀನೇ ಕೇಳಿ ಈಸ್ಕೋಬಾರದೇನೇ?” ಅಂದೆ. “ಕೇಳಿದೀನಿ ಮಾಮ, ಕೊಡಲ್ಲ” ಅಂದಳು.

ಕಲಿಯುವ ಕಾಲದಲ್ಲೆಲ್ಲ ಒಂಟಿಯಾಗಿ ಮಿಂಚುವುದೇ ಪಾಠ. ಬಾಕ್ ಬರೆದ ‘ಸೂಟ್’ ಎಂಬ ಆರು ಕೃತಿಗಳಿವೆ. ಅವುಗಳಲ್ಲಿ ಚೆಲ್ಲೊ ಬಿಟ್ಟರೆ ಬೇರೆ ವಾದ್ಯವೇ ಇಲ್ಲ. ಹೆಸರಾಂತ ಚೆಲ್ಲೊ ವಾದಕ ಪ್ಯಾಬ್ಲೊ ಕಸಾಲ್ಸ್ 13ರ ಹುಡುಗನಾಗಿದ್ದಾಗ ಬಾರ್ಸಿಲೋನಾದ ಒಂದು ಹಳೆಯ ಅಂಗಡಿಯಲ್ಲಿ ಅವುಗಳ ಪ್ರತಿ ಸಿಕ್ಕಿತು. ಹನ್ನೆರಡು ವರ್ಷ ಸಾಧನೆ ಮಾಡಿದ ಮೇಲೆಯೇ ಅವರು ಅವನ್ನು ಸಭೆಯಲ್ಲಿ ನುಡಿಸಿದ್ದಂತೆ. ಇದನ್ನು ಕೇಳಿ ನಮ್ಮ ಭಾವ, “ಅಷ್ಟರಲ್ಲಿ ಎಂ.ಡಿ. ಮುಗಿಸಿ ಕ್ಲಿನಿಕ್ಕೂ ಇಡಬಹುದಿತ್ತು” ಎಂದು ಲೆಕ್ಕ ಹಾಕಿದರು.

ಆಮೇಲೆ ಆಡಿಷನ್. ನಮ್ಮಲ್ಲಿ ಹಿಂದೆ ಹೆಣ್ಣು ನೋಡಲು ಬಂದವರು “ಒಂದು ಹಾಡು ಹೇಳಮ್ಮ” ಎನ್ನುತ್ತಿದ್ದರಲ್ಲ, ಅಲ್ಲೂ ಹಾಗೆಯೇ. ಮುಖ ಮಾತ್ರ ನೋಡುವಂತಿಲ್ಲ. ಬಾಸ್ಟನ್ ಸಿಂಫನಿ 1952ರಲ್ಲೇ ಪರದೆ ಕಟ್ಟಿಸಿ ಅದರ ಹಿಂದೆ ನುಡಿಸಲು ಹೇಳಿತು. ಹಿಮ್ಮಡಿಯ ಸದ್ದಿನಿಂದ ಹೆಣ್ಣೆಂದು ಗೊತ್ತಾಗಬಾರದೆಂದು ಎಷ್ಟೋ ಕಡೆ ಕಾರ್ಪೆಟ್ ಕೂಡ ಹಾಸುತ್ತಾರೆ. ಒಂದು ಕುರ್ಚಿಗೆ ನೂರಾರು ಮಂದಿ. ವರ್ಷಗಟ್ಟಲೆ ತಿದ್ದಿದ ಹೈಡನ್ ಕನ್ಸರ್ಟೊದಲ್ಲಿ ಎರಡು ನಿಮಿಷ, ಬೀಥೋವನ್ನನ ಐದನೆಯ ಸಿಂಫನಿಯಿಂದ ಒಂದು ತುಣುಕು, ಬ್ರಾಮ್ಸ್‌ನ ಎರಡನೆಯದರಿಂದ ಇನ್ನೊಂದು, ಅಷ್ಟೆ. ಪರದೆಯಾಚೆಯಿಂದ “ಥ್ಯಾಂಕ್ಯೂ” ಬಂತೆಂದರೆ ಚೆಲ್ಲೊ ಎತ್ತಿಕೊಂಡು ಹೊರಡಬೇಕು. ಹೋಗಿಬರುವ ಖರ್ಚು ತನ್ನದು, ಚೆಲ್ಲೊದ್ದೂ ತನ್ನದೇ.

ಕೆಲಸ ಸಿಗುವವರೆಗೆ ಹೊಟ್ಟೆಪಾಡಿಗೆ ಮದುವೆಗಳಿವೆ. ಅಲ್ಲಿ ಪಾಕೆಲ್‌ಬೆಲ್‌ನ ಕ್ಯಾನನ್ ತಪ್ಪಿದ್ದಲ್ಲ. ಪಿಟೀಲುಗಳು ಮೇಲೆ ಕುಣಿಯುತ್ತಿದ್ದರೆ ಚೆಲ್ಲೊಗೆ ಅವೇ ಎಂಟು ಸ್ವರ, 28 ಸಲ. ಮದುಮಕ್ಕಳು ಬಾಳಿನ ಏಕತಾನತೆಯನ್ನು ಕಾಣುವ ಮೊದಲೇ ಚೆಲ್ಲೊ ವಾದಕಿ ಕಂಡಿರುತ್ತಾಳೆ.

ಕೊನೆಗೂ ಕೆಲಸ ಸಿಕ್ಕಿತು ಅನ್ನಿ, ಅದೂ ಮೊದಲು ಪ್ರೊಬೇಷನ್. ಪಾಠ ಪೂರ್ತಿ ತಿರುವುಮುರುವಾಗುವುದು ಆಗಲೇ. ಕಮಾನು ಮೇಲೆ ಹೋದರೆ ಸಾಲಿನ ಎಲ್ಲರದ್ದೂ ಮೇಲೆ, ಕೆಳಗೆ ಬಂದರೆ ಎಲ್ಲರದ್ದೂ ಕೆಳಗೆ. “ನಿನ್ನ ನಾದ ಬೇರೆಯಾಗಿ ಕೇಳಿಸಿತು” ಎಂದು ಯಾರಾದರೂ ಹೇಳಿದರೆ ಅದು ಹೊಗಳಿಕೆಯಲ್ಲ, ದೂರು. ಇಬ್ಬರಿಗೆ ಒಂದೇ ಸ್ಟ್ಯಾಂಡು; ಪುಟ ಮುಗಿದಾಗ ಸಭೆಯ ಕಡೆಗೆ ಕೂತವರು ನುಡಿಸುತ್ತಲೇ ಇರುತ್ತಾರೆ, ಒಳಗಡೆ ಕೂತವರು ನುಡಿಸುವುದು ನಿಲ್ಲಿಸಿ ಪುಟ ತಿರುವುತ್ತಾರೆ. ನಮ್ಮ ಹುಡುಗಿಗೆ ಸಿಕ್ಕಿದ್ದು ಒಳಗಡೆಯ ಕುರ್ಚಿ. “ಇದಕ್ಕೇನೇ ಇಷ್ಟು ವರ್ಷ ಕಲಿತದ್ದು?” ಎಂದು ನಮ್ಮಮ್ಮ ಕೇಳಿದರೆ, “ಸರಿಯಾದ ಗಳಿಗೇಲಿ ತಿರುಗಿಸೋದೂ ಒಂದು ವಿದ್ಯೆ ಅಜ್ಜಿ” ಅಂದಳು.

ಅವಳು ಹೇಳಿದ್ದು ಸುಳ್ಳಲ್ಲ, ಸಾಲಿನ ಕೆಲಸ ಕೀಳೂ ಅಲ್ಲ. 1886ರಲ್ಲಿ ರಿಯೊ ಡಿ ಜನೈರೊದಲ್ಲಿ ಪ್ರೇಕ್ಷಕರು ಕೂಗಾಡಿ ಆರ್ಕೆಸ್ಟ್ರಾದ ನಿರ್ದೇಶಕರನ್ನು ಓಡಿಸಿದಾಗ, 19ರ ಒಬ್ಬ ಚೆಲ್ಲೊ ಹುಡುಗ ವಾದ್ಯ ಕೆಳಗಿಟ್ಟು ಎದ್ದು ಹೋಗಿ, ಇಡೀ ‘ಐಡಾ’ ಅಪೆರಾವನ್ನು ನೆನಪಿನಿಂದಲೇ ನಡೆಸಿಕೊಟ್ಟ. ಅವನೇ ಮುಂದೆ ಆರ್ಕೆಸ್ಟ್ರಾ ನಿರ್ದೇಶಕನಾಗಿ ಹೆಸರಾದ ಟೊಸ್ಕನೀನಿ. ಮರುವರ್ಷ ಮಿಲಾನ್‌ನ ಲಾ ಸ್ಕಾಲಾದಲ್ಲಿ ವೆರ್ಡಿಯ ‘ಒಟೆಲೊ’ ಮೊದಲ ಬಾರಿ ರಂಗವೇರಿದಾಗ ಅವನು ಮತ್ತೆ ಚೆಲ್ಲೊ ಸಾಲಿನಲ್ಲೇ ಕೂತಿದ್ದ. ಕೋಲು ಹಿಡಿದು ಮೆರೆದವನಿಗೇ ಸಾಲಿನಲ್ಲಿ ಕೂರುವುದು ಕಡಿಮೆಯೆನಿಸಲಿಲ್ಲ.

ಆದ್ದರಿಂದ ಆರ್ಕೆಸ್ಟ್ರಾ ನೋಡಲು ಹೋದರೆ ಪುಟ ತಿರುಗಿಸುವವರ ಹೆಸರಿನಲ್ಲೂ ಒಂದು ಚಪ್ಪಾಳೆ ಹೊಡೆಯಿರಿ. ಪೂರ್ತಿ ಮುಗಿದ ಮೇಲೆಯೇ ಹೊಡೆಯಿರಿ. ಎರಡು ಭಾಗಗಳ ನಡುವೆ ಹೊಡೆದರೆ ಇಡೀ ಸಭೆ ನಿಮ್ಮ ಕಡೆ ತಿರುಗಿ ನೋಡುತ್ತದೆ.