ಬಾಲಬೂಟು ಮೀಮಾಂಸೆ

ಗ್ರಹಗತಿಯಿಂದ ಹಲ್ಲಿ ಬೀಳುವುದರವರೆಗೆ ಎಲ್ಲಕ್ಕೂ ಶಾಸ್ತ್ರ ಬರೆದಿಟ್ಟ ಹಿರಿಯರು, ಮಗುವಿಗೆ ಕ್ಯಾನ್ವಾಸ್ ಹೈಟಾಪ್ ಕೊಳ್ಳುವ ಬಗ್ಗೆ ತುಟಿ ಬಿಚ್ಚಿಲ್ಲ. ಆ ಲೋಪವನ್ನು ತುಂಬುವುದೇ ಈ ಪ್ರಬಂಧದ ಪ್ರಯೋಜನ.

ಲಕ್ಷಣ: ಬಟ್ಟೆಯ ಮೈ, ರಬ್ಬರಿನ ಅಟ್ಟೆ, ಹರಡು ಮುಚ್ಚುವ ಎತ್ತರ, ಕಟ್ಟಿ ಮುಗಿಯದ ಲೇಸು ಈ ನಾಲ್ಕೂ ಕೂಡಿದ್ದೇ ಹೈಟಾಪ್. ವೆಲ್ಕ್ರೋ ಪಟ್ಟಿಯದನ್ನೂ ಇದರಲ್ಲಿ ಸೇರಿಸಿದರೆ ಅತಿವ್ಯಾಪ್ತಿ ದೋಷ. ಜೊತೆಗೆ ಅಂಗಡಿಯಲ್ಲೇ ಮಗುವಿನ ಅಳು.

ಉತ್ಪತ್ತಿ: ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1908ರಲ್ಲಿ ಹುಟ್ಟಿದ ಕಾನ್ವರ್ಸ್ ಕಂಪನಿ 1917ರಲ್ಲಿ ಆಲ್ ಸ್ಟಾರ್ ಬೂಟು ತಂದಿತು. ಅದನ್ನು ಊರೂರಿಗೆ ಒಯ್ದು ಮಾರಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಚಕ್ ಟೇಲರನ ಹೆಸರು ಮುಂದೆ ನಕ್ಷತ್ರದ ಬಿಲ್ಲೆಯ ಮೇಲೇರಿತು. ಪಕ್ಕದಲ್ಲಿ ಗಾಳಿಯಾಡಲು ಎರಡು ತೂತು. ಮಳೆಗಾಲದಲ್ಲಿ ನೀರಿಗೂ ಅದೇ ಹೆಬ್ಬಾಗಿಲು.

ಪರಿಮಾಣ: ಬ್ರಿಟಿಷ್ ಲೆಕ್ಕದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಅಂಗುಲದ ಮೂರನೇ ಒಂದು ಪಾಲು ಅಂತರ, ಅಂದರೆ ಒಂದು ಬಾರ್ಲಿ ಕಾಳಿನಷ್ಟು. ಮಕ್ಕಳ ನಂಬರು 13 ಮುಟ್ಟಿದ ಮೇಲೆ ಮತ್ತೆ 1 ಆಗುತ್ತದೆ. ಪುನರ್ಜನ್ಮವನ್ನು ಇಂಗ್ಲೆಂಡು ಒಪ್ಪಿದ್ದು ಇದೊಂದೇ ಕಡೆ.

ಪೂರ್ವಪಕ್ಷ: "ಬೆಳೆಯೋ ಮಗು ಕಣೋ, ಎರಡು ನಂಬರ್ ದೊಡ್ಡದೇ ತಗೋ. ಮುಂದೆ ಹತ್ತಿ ತುರುಕಿದರಾಯ್ತು" ಎಂಬುದು ಅಜ್ಜಿಯ ಮತ.

ಖಂಡನೆ: ದೊಡ್ಡ ಬೂಟಿನಲ್ಲಿ ಮಗು ವರ್ಷವಿಡೀ ಎಡವುತ್ತದೆ. ಕಾಲು ಬೂಟಿನಷ್ಟಾದ ದಿನ ಬೂಟು ಬೂಟಿನಂತಿರುವುದಿಲ್ಲ.

ಪ್ರಮಾಣ ವಿಚಾರ: ಮೂತಿಯ ಮೇಲೆ ಗಟ್ಟಿ ರಬ್ಬರ್ ಟೊಪ್ಪಿಗೆಯಿರುವುದರಿಂದ ಹೆಬ್ಬೆಟ್ಟು ಒತ್ತಿದರೂ ಬೆರಳಿನ ತುದಿ ಸಿಗದು, ಆದ್ದರಿಂದ ಪ್ರತ್ಯಕ್ಷ ಬಿತ್ತು. ಹೋದ ವರ್ಷ 12, ಹಾಗಾಗಿ ಈ ವರ್ಷ 13 ಎಂಬ ಅನುಮಾನವನ್ನು ಮಕ್ಕಳ ಕಾಲು ಗೌರವಿಸುವುದಿಲ್ಲ. ಇನ್ನು ಶಬ್ದ: ಕೆಂಪು ಬಣ್ಣ ಕಣ್ಣಿಗೆ ಬಿದ್ದ ಮೇಲೆ "ಅಪ್ಪಾ, ಸರಿಯಾಗಿದೆ" ಎಂದು ಮಗು ಆಡುವ ಮಾತು ಯಾವ ನಂಬರಿಗೂ ಅನ್ವಯಿಸುತ್ತದೆ.

ಸಿದ್ಧಾಂತ: ಸಂಜೆ ಹೊತ್ತು, ಸಾಕ್ಸ್ ಹಾಕಿಸಿ, ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ಉದ್ದದ ಕಾಲನ್ನು ಹಿಡಿದು, ಮುಂದೆ ಸುಮಾರು ಒಂದು ಸೆಂಟಿಮೀಟರು ಬಿಟ್ಟು ಕೊಳ್ಳಿ.

ಫಲಶ್ರುತಿ: ಇದನ್ನು ಓದಿ ನಡೆದುಕೊಂಡವರ ಮಗುವಿನ ಹಿಮ್ಮಡಿಯಲ್ಲಿ ಬೊಬ್ಬೆ ಏಳುವುದಿಲ್ಲ. ಸ್ಕೂಲ್ ವ್ಯಾನು ಹಾರ್ನ್ ಹೊಡೆಯುವಾಗ ಲೇಸು ಮಾತ್ರ ನೀವೇ ಕೂತು ಕಟ್ಟಬೇಕು.